ಹಳ್ಳದ ಆಚೆ ತೊಗರಿ ವಿಮಾ ಬಂತು, ಈಚೆ ಬರಲಿಲ್ಲ. ಯಾಕ್ರಿ ಹಿಂಗ?

ಎರಿ ಹೊಲದಾಂವ (ವಿಜಯಪುರ ಜಿಲ್ಲಾ)

ಎಲ್ಲಾರಿಗೂ ಶರಣು. ನಮ್ಮದು ಡೋಣಿ ಹೊಳಿ ಸೀಮಿ, ಎರಿ ಭೂಮಿ, ಪೂರಾ ಮಳಿ ನಂಬಿದ ಬೇಸಾಯ. ಮುಂಗಾರಿಗೆ ತೊಗರಿ, ಖಾಲಿ ಬಿಟ್ಟ ಹೊಲಕ್ಕ ಹಿಂಗಾರಿ ಬಿಳಿಜ್ವಾಳ, ಒಂದೀಟು ಕಡ್ಲಿ. ಹ್ವಾದ ಮುಂಗಾರಿನ್ಯಾಗ ಆರು ಎಕರೆ ತೊಗರಿಗೆ ಫಸಲ್ ಬಿಮಾ (ಸರಕಾರದ ಬೆಳಿ ವಿಮಾ) ಕಟ್ಟೀನಿ. ಎರಡು ಸಾವಿರದ ಮ್ಯಾಲ ಚಿಲ್ರಿ ಹೋತು. ರಸೀದಿ ಅದ, ಅರ್ಜಿ ನಂಬರ ಅದ, ಮೊಬೈಲಿಗೆ ಮೆಸೇಜೂ ಬಂದದ.

ಬೆಳಿ ಏನಾತಪಾ ಅಂದ್ರ, ಹೂವಿನ ಹೊತ್ತಿಗೆ ನೆಟೆ ರೋಗ ಬಿತ್ತು. ಗಿಡ ನಿಂತ ನಿಂತಲ್ಲೇ ಒಣಗಿ ಕಟಗಿ ಆದ್ವು. ಉಳಿದ ಗಿಡದ ಹೂವು ಮಂಜಿಗೆ ಉದುರಿತು. ರಾಶಿ ಮಾಡಿದ್ರ ಎಕರೆಕ್ಕ ಎರಡು ಚೀಲ ಆಗಾಕೂ ತ್ರಾಸಾತು. ಬೀಜ, ಗೊಬ್ಬರ, ಎಣ್ಣಿ (ಔಷಧಿ) ಹೊಡದದ್ದು, ಕಳೇದ ಆಳು, ರಾಶಿ ಮಷೀನು ಎಲ್ಲಾ ಕೂಡಿಸಿದ್ರ ಕೈಯಿಂದ ಹಾಕಿದಂಗ ಆಗೇದ.

ಈಗ ನನ್ನ ಸಂಕಟ ಕೇಳ್ರಿ. ನಮ್ಮ ಹೊಲಕ್ಕೂ ನಮ್ಮ ಅಕ್ಕನ ಗಂಡನ ಹೊಲಕ್ಕೂ ನಡುವ ಒಂದು ಹಳ್ಳ ಅಷ್ಟೇ. ಆಚೆ ಬೇರೆ ಪಂಚಾಯ್ತಿ. ಬೀಜ ಒಂದೇ ಅಂಗಡಿದು, ಇಬ್ಬರೂ ಕೂಡೇ ತಂದದ್ದು. ಬಿತ್ತಿದ ಮಳಿ ಒಂದೇ. ರೋಗ ಬಂದದ್ದೂ ಒಂದೇ ವಾರದಾಗ. ಮಾವನ ಖಾತಾಕ್ಕ ಎಕರೆಕ್ಕ ನಾಕು ಸಾವಿರದ ಆಜೂಬಾಜು ವಿಮಾ ಜಮಾ ಆಗೇದ. ನಮ್ಮ ಊರಾಗ ಒಬ್ಬನಿಗೂ ಒಂದು ರೂಪಾಯಿ ಇಲ್ಲ.

ಬ್ಯಾಂಕಿನ್ಯಾಗ ಕೇಳಿದ್ರ "ಪ್ರೀಮಿಯಂ ಕಳಿಸೀವಿ, ಮುಂದಿಂದು ಕಂಪನಿ ನೋಡ್ಕೋತದ" ಅಂತಾರ. ಕಂಪನಿಯವ "ನಿಮ್ಮ ಪಂಚಾಯ್ತಿಗಿ ಕ್ಲೇಮು ಕೂತಿಲ್ಲ" ಅಂದ. ಕೂತಿಲ್ಲಂದ್ರ ಏನು, ಯಾಕ ಕೂತಿಲ್ಲ, ಯಾರು ಕೂಡಿಸೂದು, ಒಬ್ಬರೂ ಹೇಳವಲ್ಲರು. ರೋಗ ಬಿದ್ದಾಗ ವಿಮಾ ಸಹಾಯವಾಣಿ 14447ಕ್ಕ ಫೋನೂ ಹಚ್ಚೀನಿ. ಆ ಹುಡುಗಿ "ಆಲಿಕಲ್ಲು ಬಿದ್ದಾವೇನ್ರಿ, ನೀರು ನಿಂತದೇನ್ರಿ, ಸಿಡಿಲಿಗೆ ಬೆಂಕಿ ಹತ್ತೇದೇನ್ರಿ" ಅಂತ ಕೇಳಿತು. ಯಾವುದೂ ಇಲ್ಲವ್ವಾ, ಗಿಡ ಒಣಗ್ಯಾವ ಅಂದೆ. ತಕರಾರು ತಗೋಳಾಕ ಬರೂದಿಲ್ಲ ಅಂದ್ಳು. ಹಂಗಾರ ನಾ ಕಟ್ಟಿದ್ದು ಯಾತಕ್ಕ?

ತಿಳಿದವರು ಹೇಳ್ರಿ. ಕೋರ್ಟು ಕಚೇರಿ ಅಂತ ಹೇಳಬ್ಯಾಡ್ರಿ, ಅದಕ್ಕ ರೊಕ್ಕ ಇಲ್ಲ.


ಮಲಪ್ರಭಾ ದಂಡಿ (ಬಾಗಲಕೋಟಿ ಜಿಲ್ಲಾ)

ಅಣ್ಣಾರ, ನಮ್ಮಲ್ಲೂ ಇದ ಕಥಿ ಐತಿ. ಹೆಸರು ಬೆಳಿ ಹ್ವಾದಾಗ ಬರ್ಲಿಲ್ಲ, ಗೊಂಜಾಳ ಹ್ವಾದಾಗ ಬರ್ಲಿಲ್ಲ. ಬಂದ ವರ್ಷ ಊಟಕ್ಕ ಕರದ ಹಂಗ ಬಂತು, ಯಾಕ ಬಂತು ಅನ್ನೂದೂ ತಿಳೀಲಿಲ್ಲ. ಸಾಲಗಾರಗ ಕಡ್ಡಾಯ ಇತ್ತು, 2020ರ ಮುಂಗಾರಿಗೆ ಅದನ್ನ ತಗದ್ರಲ್ಲ, ಅವತ್ತ ಬ್ಯಾಂಕಿಗೆ ಬರದ ಕೊಟ್ಟು ನಾ ಬಿಟ್ಟಬಿಟ್ಟೆ. ರೈತ ಕಟ್ಟತಾನ, ಸರಕಾರ ಅದರ ಮ್ಯಾಲ ಕಟ್ಟತೈತಿ, ಕಂಪನಿ ಇಟ್ಕೋತೈತಿ. ಇಷ್ಟ ಲೆಕ್ಕ. ಹುಡುಕಾಡಿ ಚಪ್ಪಲಿ ಸವಸಬ್ಯಾಡ.


ಹಳೇ ಕೃಷಿ ಸಹಾಯಕ (ವಿಜಯಪುರ)

ತಮ್ಮಾ ಎರಿ ಹೊಲದಾಂವ, ನಾನು ಕೃಷಿ ಇಲಾಖೆಯೊಳಗ ಇದ್ದು ನಿವೃತ್ತಿ ಆದವ. ಬೆಳೆ ಕಟಾವು ಪ್ರಯೋಗಕ್ಕ (ಹೊಲದ ಒಂದು ತುಂಡು ಕೊಯ್ದು ತೂಗಿ ಇಳುವರಿ ಅಳೆಯೋದು) ಹಗ್ಗ, ಗೂಟ, ತಕ್ಕಡಿ ಹಿಡಕೊಂಡು ಇದೇ ಜಿಲ್ಲೆಯ ಹೊಲ ತಿರುಗೀನಿ. ಹಿಂಗಾಗಿ ಈ "ಕೂತಿಲ್ಲ" ಅನ್ನೋದು ಎಲ್ಲಿ ಕೂಡತದ, ಎಲ್ಲಿ ಏಳತದ ಅಂತ ನೋಡೀನಿ. ಸ್ವಲ್ಪ ಉದ್ದ ಆಗತದ, ಸಾವಕಾಶ ಓದು.

ಮೊದಲನೇದು, ನೀ ವಿಮೆ ಮಾಡಿಸಿದ್ದು ನಿನ್ನ ಹೊಲಕ್ಕಲ್ಲ. ಈ ಮಾತು ಕಟ್ಟಿಸಿಕೊಳ್ಳುವಾಗ ಯಾರೂ ಹೇಳೂದಿಲ್ಲ. ನೀ ಮಾಡಿಸಿದ್ದು ನಿಮ್ಮ ಗ್ರಾಮ ಪಂಚಾಯ್ತಿಯ ಸರಾಸರಿ ತೊಗರಿ ಇಳುವರಿಗೆ. ಜಿಲ್ಲೆಯೊಳಗ ಮುಖ್ಯ ಅಂತ ಅಧಿಸೂಚನೆಯಾದ ಬೆಳೆಗೆ ಗ್ರಾಮ ಪಂಚಾಯ್ತಿ ಒಂದು ಘಟಕ, ಸಣ್ಣ ಬೆಳೆಗೆ ಹೋಬಳಿ ಒಂದು ಘಟಕ. ಘಟಕದ ಸರಾಸರಿ ಬಿದ್ದರ ಎಲ್ಲಾರಿಗೂ ಬರತದ, ಬೀಳದಿದ್ದರ ಯಾರಿಗೂ ಬರೂದಿಲ್ಲ. ನಿನ್ನ ಆರು ಎಕರೆಯೊಳಗ ಒಂದು ಕಾಳು ಆಗದಿದ್ದರೂ ಅಷ್ಟೇ. ತಿರುವಿ ನೋಡಿದರ, ನೀ ಮುತುವರ್ಜಿ ಮಾಡಿ ಹತ್ತು ಚೀಲ ಬೆಳೆದಿದ್ದೀ, ಊರಿನ ಸರಾಸರಿ ಬಿದ್ದದ ಅಂದರ ನಿನಗೂ ಬರತದ. ದುಡಿದವನಿಗೆ ದಂಡ ಬೀಳಬಾರದು ಅಂತ ಹಿಂಗ ಮಾಡ್ಯಾರ. ಆ ಕಾರಣ ನನಗೆ ಒಪ್ಪಿಗೆ ಅದ. ಹೊಲ ಹೊಲಕ್ಕ ಹೋಗಿ ಅಳೆಯೋದು ಆಗೂ ಕೆಲಸ ಅಲ್ಲ.

ಈಗ ಹಳ್ಳದ ಲೆಕ್ಕಕ್ಕ ಬರೋಣ. ಪ್ರತಿ ಪಂಚಾಯ್ತಿಗೆ, ಪ್ರತಿ ಬೆಳೆಗೆ ಒಂದು ಖಾತ್ರಿ ಇಳುವರಿ ಅಂತ ಇರತದ. ಹಿಂದಿನ ಏಳು ವರ್ಷ ತಗೋತಾರ, ಅದರಾಗ ಚೊಲೋ ಬಂದ ಐದು ವರ್ಷದ ಸರಾಸರಿ ಹಾಕತಾರ, ಅದಕ್ಕ 70, 80 ಅಥವಾ 90 ಪರ್ಸೆಂಟ್ ಅಂತ ಆ ಬೆಳೆಗೆ ಇಟ್ಟ ಮಟ್ಟದಿಂದ ಗುಣಿಸ್ತಾರ. ಈ ವರ್ಷದ ಇಳುವರಿ ಇದಕ್ಕಿಂತ ಎಷ್ಟು ಕಡಿಮೆ ಆಯಿತೋ ಆ ಪಾಲು ವಿಮಾ ಮೊತ್ತದೊಳಗ ಕೊಡತಾರ.

ಲೆಕ್ಕ ಹಾಕಲಿಕ್ಕೆ ಅಂತ ಅಂಕಿ ನಾನೇ ಇಟ್ಟಕೋತೀನಿ, ಇವು ನಿಮ್ಮೂರಿನ ಅಂಕಿ ಅಲ್ಲ. ವಿಮಾ ಮೊತ್ತ ಹೆಕ್ಟೇರಿಗೆ 50,000, ಮಟ್ಟ 80 ಪರ್ಸೆಂಟ್ ಅಂತ ಇರಲಿ. ಮಾವನ ಪಂಚಾಯ್ತಿಯ ಐದು ಚೊಲೋ ವರ್ಷದ ಸರಾಸರಿ ಹೆಕ್ಟೇರಿಗೆ 10 ಕ್ವಿಂಟಲ್. 80 ಪರ್ಸೆಂಟ್ ಅಂದರ ಖಾತ್ರಿ ಇಳುವರಿ 8. ಈ ವರ್ಷ ಬಂದದ್ದು ಆರೂವರೆ. ಕೊರತೆ ಒಂದೂವರೆ ಕ್ವಿಂಟಲ್, ಎಂಟರೊಳಗ ಅದು 18.75 ಪರ್ಸೆಂಟ್. 50,000ಕ್ಕ 9,375 ರೂಪಾಯಿ, ಎಕರೆಗೆ ತಂದರ 3,800ರ ಹತ್ತಿರ. ನೀ ಹೇಳಿದ ನಾಕು ಸಾವಿರದ ಸಮೀಪ ಬಂತಲ್ಲ.

ನಿಮ್ಮ ಪಂಚಾಯ್ತಿ ಒಣ ಪಂಚಾಯ್ತಿ. ಐದು ಚೊಲೋ ವರ್ಷದ ಸರಾಸರಿ 8 ಕ್ವಿಂಟಲ್ ಅಂತ ಹಿಡಿ. 80 ಪರ್ಸೆಂಟ್ ಅಂದರ 6.4. ಈ ವರ್ಷ ನಿಮ್ಮಲ್ಲೂ ಅದೇ ಆರೂವರೆ ಬಂತು. ಅಂದರ ಖಾತ್ರಿಗಿಂತ ಹತ್ತು ಕಿಲೋ ಮ್ಯಾಲೆ! ಕ್ಲೇಮು ಸೊನ್ನೆ.

ಹಳ್ಳದ ಎರಡೂ ದಂಡಿಗೆ ಬೆಳೆ ಒಂದೇ, ರೋಗ ಒಂದೇ, ಇಳುವರಿ ಒಂದೇ. ಒಬ್ಬರಿಗೆ ರೊಕ್ಕ, ಇನ್ನೊಬ್ಬರಿಗೆ ಇಲ್ಲ. ಯಾರೂ ಕದ್ದಿಲ್ಲ, ಯಾವ ಕಾರಕೂನನೂ ತಪ್ಪು ಬರೆದಿಲ್ಲ. ಆದರೂ ಇದು ಅನ್ಯಾಯವೇ ಅಂತ ನನ್ನ ಅಭಿಪ್ರಾಯ. ಏಳರೊಳಗ ಎರಡು ಕೆಟ್ಟ ವರ್ಷ ತಗದು ಹಾಕತಾರ, ಸರಿ. ಮೂರು ಬರ ಬಿದ್ದರ? ಮೂರನೇ ಬರ ಸರಾಸರಿಯೊಳಗ ಉಳೀತದ. ನಾಲ್ಕು ಬಿದ್ದರ ಎರಡು ಉಳೀತಾವ. ಬರ ಬಂದಷ್ಟೂ ಖಾತ್ರಿ ಇಳುವರಿ ಇಳೀತದ, ಇಳಿದಷ್ಟೂ ಮುಂದಿನ ಬರಕ್ಕ ಪರಿಹಾರ ಕಡಿಮೆ. ವಿಮೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಇದು ತೆಳ್ಳಗಾಗತದ. 2023ರಲ್ಲಿ ರಾಜ್ಯದ 236 ತಾಲೂಕಿನೊಳಗ 223 ಬರಪೀಡಿತ ಅಂತ ಘೋಷಣೆ ಆದವು, ನೆನಪದ ಅಲ್ಲ? ಆ ವರ್ಷದ ಇಳುವರಿ ಇನ್ನೂ ಕೆಲ ವರ್ಷ ನಿಮ್ಮ ಏಳರ ಲೆಕ್ಕದೊಳಗ ಕೂತಿರತದ. ಬಾಗಲಕೋಟಿ ಸಾಹೇಬರು ಕಂಪನಿ ಇಟ್ಕೋತೈತಿ ಅಂದರು. ಕಂಪನಿಯ ಪರವಾಗಿ ಮಾತಾಡೂ ಗರಜು ನನಗಿಲ್ಲ. ಆದರ ಕಂಪನಿಯನ್ನು ಬೈದು ಸುಮ್ಮನಾದರ ಈ ಏಳು ವರ್ಷದ ಸೂತ್ರ ಯಾರ ಕಣ್ಣಿಗೂ ಬೀಳೂದಿಲ್ಲ.

ಎರಡನೇದು, ಆರೂವರೆ ಅಂತ ಯಾರು ಹೇಳಿದರು? ಇಲ್ಲಿ ನೀವು ಊರವರು ಕಣ್ಣು ತೆರಿಬೇಕು. ಮುಖ್ಯ ಬೆಳೆಗೆ ಪಂಚಾಯ್ತಿಗೆ ನಾಲ್ಕು ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರು ಲಾಟರಿಯಂಗ ಆಯ್ಕೆ ಆಗಿ ಬರತಾವ, ಆ ಹೊಲದಾಗ ಬೆಳೆ ಇಲ್ಲದಿದ್ದರ ಬದಲಿ ನಂಬರ್ ಇರತದ. ಹೊಲದ ನೈಋತ್ಯ ಮೂಲೆಯೊಳಗ ನಿಂತು, ಕೊಟ್ಟ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕ, ಅಷ್ಟು ಹೆಜ್ಜೆ ಅಗಲಕ್ಕ ಹೋಗಿ ಗೂಟ ಹೊಡೀಬೇಕು. ಬಹುಪಾಲು ಧಾನ್ಯಕ್ಕ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ. ಅದರಾಗಿನ ಗಿಡ ಕೊಯ್ದು, ಬಡಿದು, ತೂರಿ, ತೂಕ ಮಾಡಿ, ಮೊಬೈಲ್ ಆ್ಯಪಿನಲ್ಲಿ ಫೋಟೋ ಸಮೇತ ಏರಿಸಬೇಕು. ಗೂಟ ಎಲ್ಲಿ ಬೀಳತದ ಅನ್ನೋದು ಹೆಜ್ಜೆಯ ಸಂಖ್ಯೆ ಹೇಳಬೇಕು. ಹೊಲದವನೂ ಹೇಳಬಾರದು, ಸಾಹೇಬನೂ ಹೇಳಬಾರದು, ಕಂಪನಿಯ ಹುಡುಗನೂ ಹೇಳಬಾರದು. ಚೊಲೋ ಬೆಳೆದ ಮಗ್ಗಲಿಗೆ ಗೂಟ ಸರಿದರ ಇಡೀ ಪಂಚಾಯ್ತಿ ಕೆಡತದ, ನಾಲ್ಕೇ ಚೌಕದ ಮ್ಯಾಲೆ ಸಾವಿರಾರು ಎಕರೆ ನಿಂತದ.

ನಾನು ಹೋದ ಊರುಗಳೊಳಗ ಕಟಾವು ನೋಡಲಿಕ್ಕೆ ಬರುತ್ತಿದ್ದವರು ಹೊಲದ ಒಡೆಯ, ಅವನ ಆಳು, ಹೊತ್ತು ಹೋಗದ ಹುಡುಗರು. ಆರು ತಿಂಗಳ ಮ್ಯಾಲೆ ವಿಮೆ ಬರಲಿಲ್ಲ ಅಂತ ಕಚೇರಿ ಮುಂದೆ ಕೂಡಲಿಕ್ಕೆ ಮಾತ್ರ ಟ್ರ್ಯಾಕ್ಟರ್ ತುಂಬಿ ಬರುತ್ತಿದ್ದರು. ಬೈಯುತ್ತಿದ್ದೇನೆ ಅನ್ನಿಸಿದರ ಅನ್ನಿಸಲಿ.

ಮೂರನೇದು ನಿನ್ನ ಫೋನು. ಆ ಹುಡುಗಿ ಹೇಳಿದ್ದು ಸರಿ. ಬೆಳೆ ಹೊಲದಾಗ ನಿಂತಾಗ ಒಬ್ಬೊಬ್ಬರ ಹೊಲ ನೋಡಿ ಪರಿಹಾರ ಕೊಡೋದು ಸ್ಥಳೀಯ ವಿಕೋಪಕ್ಕ ಮಾತ್ರ: ಆಲಿಕಲ್ಲು, ಭೂಕುಸಿತ, ಹೊಲದಾಗ ನೀರು ನಿಲ್ಲೋದು, ಮೇಘಸ್ಫೋಟ, ಸಿಡಿಲಿನ ಬೆಂಕಿ ಇಂಥವು. 72 ತಾಸಿನೊಳಗ ತಿಳಿಸಬೇಕು. ನೆಟೆ, ಗೊಡ್ಡು ರೋಗ, ಕೀಡಿ, ಮಳೆ ಕೈಕೊಟ್ಟದ್ದು ಇವೆಲ್ಲ ವಿಮೆಯೊಳಗ ಅದಾವ, ಆದರ ಕಟಾವಿನ ಇಳುವರಿಯ ಮೂಲಕ ಮಾತ್ರ ಕಾಣಿಸ್ತಾವ. ನಿನ್ನ ನೆಟೆ ರೋಗಕ್ಕ ಸಾಕ್ಷಿ ಹೇಳಬೇಕಾದದ್ದು ಆ ನಾಲ್ಕು ಚೌಕ.

ಈಗ ಮಾಡೂ ಕೆಲಸ. ನಿಮ್ಮ ಪಂಚಾಯ್ತಿಯ ತೊಗರಿಗೆ ಖಾತ್ರಿ ಇಳುವರಿ ಎಷ್ಟು, ನಾಲ್ಕು ಪ್ರಯೋಗದ ಒಂದೊಂದರ ಇಳುವರಿ ಎಷ್ಟು, ಯಾವ ಸರ್ವೆ ನಂಬರಿನಾಗ ಆಗ್ಯಾವ ಅಂತ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕು. ಹತ್ತು ರೂಪಾಯಿ ಖರ್ಚು, 30 ದಿನದೊಳಗ ಉತ್ತರ ಕೊಡಬೇಕು. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿಗೆ ಒಂದು, ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಒಂದು. "ವಿಮೆ ಯಾಕೆ ಬಂದಿಲ್ಲ" ಅಂತ ಬರೀಬ್ಯಾಡ, ಅದಕ್ಕ ಒಂದು ಸಾಲಿನ ಉತ್ತರ ಬರತದ. ಅಂಕಿ ಕೇಳು.


ಎರಿ ಹೊಲದಾಂವ

ಸರ್, ಕೈ ಮುಗೀತೀನಿ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾವಗ ಫೋನ್ ಮಾಡಿ ಕೇಳಿದೆ. ಅವರ ಪಂಚಾಯ್ತಿ ತಗ್ಗಿನಾಗದ, ಕೃಷಿಹೊಂಡ ಬಾಳ ಅದಾವ, ಒಂದು ನೀರು ಕೊಡ್ತಾರ ತೊಗರಿಗೆ. ಅದಕ್ಕ ಅವರ ಹಳೇ ಇಳುವರಿ ಜಾಸ್ತಿ ಇರಬೇಕು. ಅಂದ್ರ ಚೊಲೋ ಬೆಳಕೊಂಡ ಊರಿಗೇ ವಿಮಾನೂ ಚೊಲೋ. ನಗಬೇಕೋ ಅಳಬೇಕೋ!

ಇನ್ನೊಂದು ಕೇಳೂದದ. ನನ್ನ ತಮ್ಮಂದು ಮೂರು ಎಕರೆ ಬ್ಯಾರೆ ಉತಾರ (ಪಹಣಿ). ಅವನೂ ತೊಗರಿಗೇ ಕಟ್ಟ್ಯಾನ. ಅವನ ಅರ್ಜಿ "ತಿರಸ್ಕೃತ" ಅಂತ ತೋರಸ್ತದ. ಕೇಳಿದ್ರ ಬೆಳೆ ಸಮೀಕ್ಷೆಯೊಳಗ ಹತ್ತಿ ಅಂತ ಅದ ಅಂತಾರ. ಅವನ ಹೊಲದಾಗ ಹತ್ತಿ ಬೆಳೆದು ಯಾವ ಕಾಲ ಆತೋ. ಫೋಟೋ ಯಾರು ಹೊಡದ್ರು ಅಂತಾನೂ ಗೊತ್ತಿಲ್ಲ.

ಮತ್ತ ನಮ್ಮ ಓಣ್ಯಾಗ ಒಬ್ಬಾಂವ ಲಾವಣಿ (ಹೊಲ ಗುತ್ತಿಗಿ) ಹಿಡದು ಮಾಡ್ಯಾನ. ಅವಗೇನರೆ ಬರತದೇನ್ರಿ?


ಬೈಲಹೊಂಗಲ ಅಕ್ಕಾ

ಕಾಕಾ, ನಾ ಗ್ರಾಮ ಒನ್ ಕೇಂದ್ರ ನಡಸ್ತೀನ್ರಿ. ಬೆಳಿ ತಾಳಿ ಆಗದ ಅರ್ಜಿ ದಿನಾ ನೋಡೋದ ನಮ್ಮ ಕೆಲಸ. ನಿಮ್ಮ ತಮ್ಮನ ಕೇಸು ಪೂರಾ ಕೆಟ್ಟಿಲ್ಲ, ಮದ್ಲ ಅದನ್ನ ಹೇಳ್ತೀನಿ.

ವಿಮಾ ಅರ್ಜಿಯೊಳಗ ಬರಸಿದ ಬೆಳಿ, ಬೆಳೆ ಸಮೀಕ್ಷೆಯೊಳಗಿನ ಬೆಳಿ ಎರಡೂ ಒಂದ ಇರಬೇಕ್ರಿ. ಇಲ್ಲಂದ್ರ ಕಂಪನಿ ತಿರಸ್ಕಾರ ಮಾಡತೈತಿ. ರೈತರು ತಾವ ಆ್ಯಪಿನ್ಯಾಗ ಸಮೀಕ್ಷೆ ಮಾಡಬಹುದು, ಮಾಡದಿದ್ರ ಊರಿನ ಖಾಸಗಿ ನಿವಾಸಿ ಅಂತ ನೇಮಿಸಿದ ಹುಡುಗ ಬಂದು ಮಾಡತಾನ. ಹೊಲಕ್ಕ ದಾರಿ ಇಲ್ಲ, ಹಿಸ್ಸೆ ಗೊತ್ತಿಲ್ಲ, ಬದುವಿನ ಮ್ಯಾಲ ನಿಂತು ಬಾಜೂ ಹೊಲದ ಫೋಟೋ ಹೊಡದಬಿಡತಾನ. ಎಲ್ಲಾರೂ ಹಂಗ ಅನ್ನಂಗಿಲ್ಲ, ಛಂದ ಮಾಡೋ ಹುಡುಗರೂ ಅದಾರ. ಒಂದ ಸರ್ವೆ ನಂಬರಿನ್ಯಾಗ ಅಣ್ಣ ತಮ್ಮರ ಹಿಸ್ಸೆ ಇದ್ದಲ್ಲಿ ಬಾಳ ಅದಲು ಬದಲಾಗತೈತಿ. ಮಿಶ್ರ ಬೆಳಿ ಇದ್ರಂತೂ ಕೇಳಬ್ಯಾಡ್ರಿ, ತೊಗರಿ ಸಾಲಿನ ನಡುವ ಹಾಕಿದ ಸಜ್ಜಿನ ದೊಡ್ಡ ಬೆಳಿ ಅಂತ ಕೂತಿರತೈತಿ.

"ಬೆಳೆ ದರ್ಶಕ" ಅಂತ ಆ್ಯಪ್ ಐತಿ. ಜಿಲ್ಲಾ, ತಾಲೂಕ, ಊರು, ಸರ್ವೆ ನಂಬರ್ ಹಾಕಿದ್ರ ಯಾವ ಬೆಳಿ ಬರದಾರ, ಎಷ್ಟು ಎಕರೆ, ಫೋಟೋ ಯಾವುದು ಎಲ್ಲಾ ಬರತೈತಿ. ತಪ್ಪಿದ್ರ ಅದರಾಗ ಆಕ್ಷೇಪಣೆ ಹಾಕಬಹುದು. ಆದ್ರ ಅದನ್ನ ಬೆಳಿ ಹೊಲದಾಗ ನಿಂತಾಗ ಮಾಡಬೇಕ್ರಿ. ರಾಶಿ ಆಗಿ ಹೊಲ ಹರಗಿದ ಮ್ಯಾಲ ಯಾವ ಬೆಳಿ ಇತ್ತು ಅಂತ ಯಾರು ಹೇಳ್ಯಾರು?

ಈಗ ತಿರಸ್ಕಾರ ಆದ ಮ್ಯಾಲ ಏನ ಅಂದ್ರ, ಹಿಂತಾ ಅರ್ಜಿಗಳ ಪಟ್ಟಿ ರೈತ ಸಂಪರ್ಕ ಕೇಂದ್ರಕ್ಕ ಬರತೈತಿ, ನೋಟೀಸ್ ಬೋರ್ಡಿಗೆ ಹಚ್ಚತಾರ, ಇಷ್ಟು ದಿನದಾಗ ದಾಖಲೆ ಕೊಡ್ರಿ ಅಂತ ಪೇಪರಿನ್ಯಾಗೂ ಹಾಕತಾರ. ಉತಾರದಾಗ ತೊಗರಿ ಅಂತ ಇದ್ರ ಅದನ್ನ, ಬೆಂಬಲ ಬೆಲೆ ಕೇಂದ್ರಕ್ಕ ತೊಗರಿ ಕೊಟ್ಟಿದ್ರ ಆ ಚೀಟಿ, ಎಪಿಎಂಸಿಯೊಳಗ ಮಾರಿದ್ರ ಆ ಪಟ್ಟಿ, ಇದರಾಗ ಯಾವುದಾದ್ರೂ ಹಚ್ಚಿ ಅರ್ಜಿ ಕೊಡಬೇಕು. ತಮ್ಮಗ ಹೇಳ್ರಿ, ನಾಳೆ ಅನ್ನದ ಹೋಗಿ ಅವಧಿ ಐತೇನು ಕೇಳಲಿ. ಆದ್ರ ಅರ್ಜಿ ಮಂಜೂರಾದ್ರೂ, ಸಾಹೇಬ್ರು ಹೇಳಿದಂಗ ಪಂಚಾಯ್ತಿಗಿ ಕ್ಲೇಮು ಕೂತಿದ್ರ ಮಾತ್ರ ರೊಕ್ಕ. ನಿಮ್ಮ ಪಂಚಾಯ್ತಿಗಿ ಇಲ್ಲ ಅಂದ್ರ ತಮ್ಮಗೂ ಇಲ್ಲ. ಬ್ಯಾರೆ ಪಂಚಾಯ್ತಿ ಹದ್ದಿನ್ಯಾಗ ಅವನ ಹೊಲ ಇದ್ರ ಮಾತ ಬ್ಯಾರೆ.

ಲಾವಣಿದು ಅಂದ್ರಿ. ಯೋಜನೆಯ ಪುಸ್ತಕದಾಗ ಲಾವಣಿದಾರಗೂ ಪಾಲಿಗೆ ಮಾಡಿದವಗೂ ಅವಕಾಶ ಐತ್ರಿ, ಕರಾರು ಪತ್ರ ಬೇಕು. ನಮ್ಮ ಕಡೆ ಲಾವಣಿಗೆ ಕರಾರು ಬರಕೊಡೋ ಹೊಲದ ಮಾಲಕನ್ನ ನಾ ಇನ್ನೂ ನೋಡಿಲ್ಲ. ಕುಳ (ಹೊಲದ ಹಕ್ಕು ಕೇಳೋ ಗೇಣಿದಾರ) ಆಗಿ ಕುಂತಬಿಟ್ಟಾನು ಅಂತ ಅಂಜಿಕಿ. ಹಿಂಗಾಗಿ ಅರ್ಜಿ ಮಾಲಕನ ಎಫ್‌ಐಡಿ (ರೈತನ ಗುರುತಿನ ನಂಬರ್) ಮ್ಯಾಲ, ರೊಕ್ಕ ಮಾಲಕನ ಖಾತಾಕ್ಕ. ಪ್ರೀಮಿಯಂ ಮಾತ್ರ ಕೆಲವು ಕಡೆ ಲಾವಣಿದವನ ಕಿಸೆಯಿಂದ.

ಇನ್ನೊಂದ ಮಾತು, ಇದು ಎಲ್ಲಾರಿಗೂ. ರೊಕ್ಕ ಬಂದಿಲ್ಲ ಬಂದಿಲ್ಲ ಅಂತ ಬಂದವರಾಗ ಕೆಲವರಿಗೆ ರೊಕ್ಕ ಬಂದಿರತೈತಿ! ಆಧಾರಕ್ಕ ಯಾವ ಬ್ಯಾಂಕು ಜೋಡಣೆ ಆಗೈತೋ ಅಲ್ಲಿಗೆ ಹೋಗತೈತಿ, ನೀವು ಅರ್ಜಿಗೆ ಕೊಟ್ಟ ಪಾಸ್‌ಬುಕ್ಕಿಗೆ ಅಲ್ಲ. ಎಂದೋ ತಗಸಿದ ಜನಧನ ಖಾತಾದಾಗ ಬಿದ್ದಿರತೈತಿ. ಹಂಗ ಆಧಾರದಾಗ, ಉತಾರದಾಗ ಹೆಸರು ಬ್ಯಾರೆ ಬ್ಯಾರೆ ಇದ್ರ ಎಫ್‌ಐಡಿಯಿಂದನ ತೊಂದ್ರಿ ಸುರು. ಒಂದ ಸರ್ವೆ ನಂಬರಿಗೆ ಬ್ಯಾಂಕಿನ್ಯಾಗೂ ಕಟ್ಟಿ, ನಮ್ಮಂತಲ್ಲೂ ಕಟ್ಟಿದ್ರ ಅದೂ ನಿಲ್ಲತೈತಿ.


ಮಲಪ್ರಭಾ ದಂಡಿ

ಅಕ್ಕಾರ, ನೀವಿಬ್ಬರೂ ಹೇಳಿದ್ದು ಓದಿದ ಮ್ಯಾಲ ನಂಗ ಇನ್ನೂ ಸಿಟ್ಟ ಬಂತು. ಇದನ್ನ ತಿಳ್ಕೊಳಾಕ ಒಬ್ಬ ವಕೀಲ, ಒಬ್ಬ ಇಂಜಿನಿಯರ ಮನ್ಯಾಗ ಇರಬೇಕು. ರೈತ ಬಿತ್ತಬೇಕೋ ಆ್ಯಪ್ ನೋಡಬೇಕೋ?

ಒಂದು ಮಾತ್ರ ಕೇಳತೀನಿ. ಬರದ ವರ್ಷ ಮದಲ ಎರಡು ಸಾವಿರ ಬಂತು, ಆಮ್ಯಾಲ ಮತ್ತಷ್ಟು ಬಂತು. ಅದು ವಿಮಾ ಅಲ್ಲೇನು?


ಹಳೇ ಕೃಷಿ ಸಹಾಯಕ

ಅಲ್ಲ. ಅದು ಸರ್ಕಾರದ ಬರ ಪರಿಹಾರ, ವಿಮೆ ಕಟ್ಟಿದವನಿಗೂ ಬರತದ, ಕಟ್ಟದವನಿಗೂ ಬರತದ. 2023ರ ಬರಕ್ಕ ವಿಪತ್ತು ನಿಧಿಯ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ಇತ್ತು, ಎರಡು ಹೆಕ್ಟೇರ್ ತನಕ. ಅದನ್ನು ತಗೊಂಡವನಿಗೆ ವಿಮೆ ಇಲ್ಲ ಅಂತ ಊರಾಗ ಸುದ್ದಿ ಹಬ್ಬಿಸ್ತಾರ, ಸುಳ್ಳು.

ಸಿಟ್ಟು ನ್ಯಾಯದ್ದೇ. 2016ರಲ್ಲಿ ಯೋಜನೆ ಬಂದಾಗ ಪಂಚಾಯ್ತಿ ಮಟ್ಟಕ್ಕ ಇಳಿಸಿದ್ದು ದೊಡ್ಡ ಸುಧಾರಣೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹಿಂದಿನ ರಾಷ್ಟ್ರೀಯ ಕೃಷಿ ವಿಮೆಯೊಳಗ ಹೋಬಳಿಗೊಂದು ಲೆಕ್ಕ ಇತ್ತು. ಹೋಬಳಿಯ ಒಂದು ತುದಿಗೆ ಮಳೆಯಾದರ ಇನ್ನೊಂದು ತುದಿ ಸಾಯುತ್ತಿತ್ತು. ಪಂಚಾಯ್ತಿಗೆ ಇಳಿಸಿದ್ದು ಒಳ್ಳೇದಾಯಿತು, ಆದರ ಕಟಾವು ಪ್ರಯೋಗದ ಸಂಖ್ಯೆ ಒಮ್ಮೆಲೆ ಏರಿತು. ಮಾಡೂ ಕೈ ಅಷ್ಟೇ ಉಳಿದವು. ತಲಾಟಿಗೆ, ಕೃಷಿ ಸಹಾಯಕನಿಗೆ, ಪಂಚಾಯ್ತಿ ಸಿಬ್ಬಂದಿಗೆ ಹಂಚ್ಯಾರ. ಅವರಿಗೆ ಚುನಾವಣೆ, ಪಿಂಚಣಿ, ಜಾತಿ ಪ್ರಮಾಣಪತ್ರ ಎಲ್ಲಾ ಇದ್ದೇ ಇರತಾವ. ತೊಗರಿ ಒಂದೇ ವಾರದಾಗ ಎಲ್ಲಾ ಊರಾಗೂ ಒಣಗಿ ಕೊಯ್ಲಿಗೆ ಬರತದ. ಮಷೀನು ಬಂದ ದಿನ ರೈತ ರಾಶಿ ಮಾಡಿ ಮುಗಿಸ್ತಾನ, ಇವರು ಮರುದಿನ ಬರತಾರ. ಆಗ ಬದಲಿ ಹೊಲ ಹುಡುಕೋ ಪ್ರಸಂಗ.

ಮತ್ತೊಂದು, ಇಳುವರಿ ಅಂಕಿಯ ಮ್ಯಾಲೆ ಕಂಪನಿಯೂ ತಕರಾರು ಎತ್ತಬಹುದು. ಆಗ ಅದು ರಾಜ್ಯ ಮಟ್ಟದ ತಾಂತ್ರಿಕ ಸಲಹಾ ಸಮಿತಿಗೆ ಹೋಗತದ, ತಿಂಗಳುಗಟ್ಟಲೆ ನಿಲ್ಲತದ. ಕಂಪನಿಗೆ ತಕರಾರು ಮಾಡಲಿಕ್ಕೆ ಅವರ ಮನುಷ್ಯ ಕಟಾವಿನ ಹೊಲದಾಗ ನಿಂತಿರತಾನ. ರೈತರ ಕಡೆಯಿಂದ ಯಾರು ನಿಂತಿರತಾರ? ಇದನ್ನೇ ನಾನು ಮ್ಯಾಲೆ ಹೇಳಿದ್ದು. ಹಾಂ, ಕ್ಲೇಮು ಕೂತ ಮ್ಯಾಲೂ ಕಂಪನಿ ಅವಧಿ ಮೀರಿ ತಡ ಮಾಡಿದರ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಸೇರಿಸಿ ಕೊಡಬೇಕು ಅಂತ ನಿಯಮ ಅದ. ತಡವಾಗಿ ಬಂದವರು ಪಾಸ್‌ಬುಕ್ಕಿನ ಅಂಕಿ ತಾಳೆ ನೋಡಿಕೊಳ್ರಿ.


ತಿಕೋಟಾ ದ್ರಾಕ್ಷಿ

ಸರ್, ನಮ್ಮದು ದ್ರಾಕ್ಷಿ. ನಮಗ ಈ ಕಟಾವು ಗಿಟಾವು ಏನೂ ಇಲ್ಲ, ಮಳಿ ಮಾಪಕದ ಮ್ಯಾಲ ಅಂತಾರ. ಚಾಟ್ನಿ (ಬಳ್ಳಿ ಕತ್ತರಿಸೂದು) ಆಗಿ ಹೂವಿನಾಗ ಇದ್ದಾಗ ನಮ್ಮ ತೋಟದ ಮ್ಯಾಲ ಮಳಿ ಹೊಡೀತು, ಗೊನಿ ಕೊಳತು. ಮಾಪಕ ಇರೋ ಕಡೆ ಹನಿ ಬಿದ್ದಿಲ್ಲ. ಇದಕ್ಕ ದಾರಿ?


ಹಳೇ ಕೃಷಿ ಸಹಾಯಕ

ನಿಮ್ಮದು ಹವಾಮಾನ ಆಧಾರಿತ ವಿಮೆ, ಬೇರೆ ಯೋಜನೆ. ರೈತನ ಪಾಲು 5 ಪರ್ಸೆಂಟ್. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಆರ್ದ್ರತೆ, ಎಷ್ಟು ಉಷ್ಣತೆ ಆದರ ಎಷ್ಟು ರೂಪಾಯಿ ಅಂತ ಮೊದಲೇ ಷರತ್ತಿನ ಪಟ್ಟಿ ಇರತದ. ಮಾಪಕ ಆ ಅಂಕಿ ತೋರಿಸಿದರ ನಿಮ್ಮ ಗೊನಿ ಚೊಲೋ ಇದ್ದರೂ ರೊಕ್ಕ, ತೋರಿಸದಿದ್ದರ ಗೊನಿ ಕೊಳೆತರೂ ಇಲ್ಲ. ಮಾಪಕದ ಮಳೆಗೂ ತೋಟದ ಮಳೆಗೂ ಫರಕು ಬಂದಾಗ ಈ ಯೋಜನೆಯೊಳಗ ನೇರ ದಾರಿ ಇಲ್ಲ. ಆಲಿಕಲ್ಲಿನ ಹೆಚ್ಚುವರಿ ರಕ್ಷಣೆ ನಿಮ್ಮ ಜಿಲ್ಲಾ ಅಧಿಸೂಚನೆಯೊಳಗ ಅದ ಇಲ್ಲ ನೋಡ್ರಿ, ಇದ್ದರ ಅದಕ್ಕ ತೋಟ ನೋಡಲಿಕ್ಕೆ ಬರತಾರ. ಮತ್ತ ಚಾಟ್ನಿ ತಾರೀಖು ಷರತ್ತಿನ ಅವಧಿಯೊಳಗ ಬರತದೋ ಇಲ್ಲೋ ಕಟ್ಟೋ ಮೊದಲೇ ತಾಳೆ ನೋಡ್ರಿ. ಮುಂಚೆ ಚಾಟ್ನಿ ಮಾಡೋ ತೋಟಕ್ಕ ಅರ್ಧ ಅವಧಿ ಸುಮ್ಮನೆ ಹೋಗತದ.


ಬೈಲಹೊಂಗಲ ಅಕ್ಕಾ

ಸೋಯಾಬೀನಿನವರಿಗೆ ನಾ ಒಂದು ಸೇರಸ್ತೀನಿ. ಕೊಯ್ದು ಹೊಲದಾಗ ಒಣಗಾಕ ಹರವಿದಾಗ ಅಕಾಲಿಕ ಮಳಿ ಬಂದ್ರ, ಕೊಯ್ದ ದಿನದಿಂದ ಎರಡು ವಾರದ ತನಕ ವಿಮಾ ಐತಿ. ಆವಾಗೂ 72 ತಾಸಿನ್ಯಾಗ ಫೋನ್. ಹರವಿದ್ದಕ್ಕ, ಸಣ್ಣ ಸೂಡು ಕಟ್ಟಿ ಇಟ್ಟಿದ್ದಕ್ಕ ಮಾತ್ರ. ಕಣಕ್ಕ ತಂದು ಬಣವಿ ಒಟ್ಟಿದ್ರ ಇಲ್ಲ. ಫೋನ್ ಮಾಡಿದಾಗ ಕೊಡೋ ದೂರಿನ ನಂಬರ್ ಬರಕೊಳ್ಳದ ಇಡಬ್ಯಾಡ್ರಿ, ಅದ ಇಲ್ಲಂದ್ರ ನಮಗ ಏನೂ ಹುಡುಕಾಕ ಬರಂಗಿಲ್ಲ.


ಎರಿ ಹೊಲದಾಂವ (ಎಳ್ಳಮವಾಸಿ ಮುಗಿದ ಮ್ಯಾಲ)

ಎಲ್ಲಾರಿಗೂ ಮತ್ತ ಶರಣು. ಮಾಹಿತಿ ಹಕ್ಕಿಂದು ಉತ್ತರ ಬಂತು. ಸರ್ ಹೇಳಿದಂಗೇ ನಮ್ಮ ಖಾತ್ರಿ ಇಳುವರಿ ಹಳ್ಳದ ಆಚೆದಕ್ಕಿಂತ ಬಾಳ ಕೆಳಗದ. ನಾಕು ಪ್ರಯೋಗದಾಗ ಮೂರರ ಇಳುವರಿ ನಮ್ಮ ಹೊಲದಂಗೇ ಬಡವಾಗದ, ಒಂದು ಮಾತ್ರ ಉಳಿದವುಕ್ಕಿಂತ ದುಪ್ಪಟ್ಟು. ಆ ಸರ್ವೆ ನಂಬರಿಂದು ಬೋರ್ ಇರೋ ಹೊಲ. ಮಳೆಯಾಶ್ರಿತ ತೊಗರಿ ಲೆಕ್ಕಕ್ಕ ಬೋರಿನ ಹೊಲ ಹ್ಯಾಂಗ ಬಂತು ಅಂತ ಬರದು ಜಂಟಿ ನಿರ್ದೇಶಕರ ಕಚೇರಿಗೆ ಅರ್ಜಿ ಕೊಟ್ಟೀವಿ, ಊರಿನವರು ಸಹಿ ಮಾಡ್ಯಾರ. ಉತ್ತರ ಇನ್ನೂ ಬಂದಿಲ್ಲ. ತಮ್ಮಂದು ಅವಧಿ ಮುಗಿದಿತ್ತು, ಹೋತದು.

ಈಗ ಹಿಂಗಾರಿ ಜ್ವಾಳಕ್ಕೂ ಕಟ್ಟೀನಿ. ಒಂದೂವರೆ ಪರ್ಸೆಂಟ್, ಹ್ವಾದ್ರ ಹೋಗಲಿ. ಚರಗಾ ಚಲ್ಲಾಕ ಹೋದಾಗ ಹೊಲದಾಗೇ ನಿಂತು ಬೆಳೆ ದರ್ಶಕ ತಗದು ನೋಡಿದೆ, ಜ್ವಾಳ ಅಂತ ಸರಿ ತೋರಸ್ತದ. ತಲಾಟಿ ಅವರ್ನ ಕೇಳಿದೆ, ಜ್ವಾಳದ ಕಟಾವಿಗೆ ನಮ್ಮ ಬದುವಿಗೆ ಹತ್ತಿದ ಹೊಲದ ನಂಬರ್ ಬಂದದಂತ. ಆದ್ರ ಆ ಹೊಲದ ಮಾಲಕ ಕಿತ್ತಾಕ ಆಳು ಹೇಳ್ಯಾನ, ತಡೀಲಿಕ್ಕೆ ತಯಾರಿಲ್ಲ. ಆಳು ಒಮ್ಮೆ ತಪ್ಪಿದ್ರ ಮತ್ತ ಸಿಗೂದಿಲ್ಲ ಅಂತಾನ, ಅದೂ ಖರೇನೇ. ಏನ್ ಮಾಡೂದು ಸರ್?


ಹಳೇ ಕೃಷಿ ಸಹಾಯಕ

ಅವನನ್ನು ತಡೀಬ್ಯಾಡ. ಕೀಳೋ ತಾರೀಖು ಇಂಥಾದ್ದು ಅಂತ ಇವತ್ತೇ ತಲಾಟಿಗೆ ಬರವಣಿಗೆಯೊಳಗ ಕೊಡ್ರಿ, ಒಂದು ಪ್ರತಿ ರೈತ ಸಂಪರ್ಕ ಕೇಂದ್ರಕ್ಕ, ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟಕೋ. ಆ ದಿನಕ್ಕಿಂತ ಮೊದಲೇ ಬಂದು ಚೌಕ ಹಾಕಬೇಕಾದದ್ದು ಅವರ ಕೆಲಸ. ಆ ಮಾಲಕನಿಗೆ ಹೇಳು, ಹೊಲದ ಎಲ್ಲಾ ಕಡೆ ಒಮ್ಮೆಲೆ ಆಳು ಇಳಸೋ ಬದಲಿ ಒಂದು ಮಗ್ಗಲಿನಿಂದ ಸುರು ಮಾಡಲಿ. ಅವರು ಬಂದ ದಿನ ನೀ ಹೋಗಿ ನಿಲ್ಲು, ಊರಿನ ನಾಲ್ಕು ಮಂದಿ ಕರಕೊಂಡು ಹೋಗು, ಜಗಳಾಡಬ್ಯಾಡ್ರಿ. ಹೆಜ್ಜೆ ಎಣಿಸೋದು ನೋಡ್ರಿ, ತೂಕ ನೋಡ್ರಿ, ಕಿಲೋ ಎಷ್ಟಾಯಿತು ಅಂತ ನಿಮ್ಮ ಮೊಬೈಲಿನ್ಯಾಗೂ ಒಂದು ಫೋಟೋ ಇರಲಿ. ಕೀಳೋ ತಾರೀಖು ಎಂದು?


ಎರಿ ಹೊಲದಾಂವ

ಬರೂ ಸೋಮವಾರ ಸರ್. ಇವತ್ತೇ ಬರದು ಕೊಡ್ತೀನಿ.